ಬಾಲದ ಹಗ್ಗ

ಬೆಲ್ಟಿನ ಬಾಲದಲ್ಲಿದ್ದ ಹಗ್ಗವನ್ನು ಕತ್ತರಿಸಿ ತಂದು ಯುವ ನಾಯಕತ್ವ ಪರಿಷತ್ತಿನ ಕೋಣೆಯ ಗೋಡೆಗೆ ತೂಗುಹಾಕಿದರು. ಮುಂದಿನ ವಾರ ನನ್ನ ಚಿಕ್ಕಮ್ಮನ ಬಲಗೈಯ ಮೂರು ಬೆರಳು ಹೋದವು. ಬೆರಳು ಹೋದದ್ದು ಅವಳ ಅಜಾಗರೂಕತೆಯಿಂದ ಎಂದು ಪರಿಷತ್ತು ಹೇಳಬೇಕು ಎಂದರು. ಪರಿಷತ್ತಿನ ಪರವಾಗಿ ಅದನ್ನು ನಾನು ಹೇಳಬೇಕು ಎಂದರು.

ನಾವು ಕಸ ಆರಿಸುವವರು. ಊರಿನ ಕಸವೆಲ್ಲ ಲಾರಿಯಲ್ಲಿ ಬಂದು ನಮ್ಮ ಶೆಡ್ಡಿನ ಒಂದು ತುದಿಗೆ ಬೀಳುತ್ತದೆ. ಅಲ್ಲಿಂದ ರಬ್ಬರಿನ ಬೆಲ್ಟ್ ಅದನ್ನು ನಮ್ಮ ಮುಂದೆ ಎಳೆದುಕೊಂಡು ಹೋಗುತ್ತದೆ. ಬೆಲ್ಟಿನ ಶುರುವಿಗೆ ತಲೆ ಅನ್ನುತ್ತೇವೆ, ಕೊನೆಗೆ ಬಾಲ. ತಲೆಯಲ್ಲಿ ನಿಂತವರು ಬಟ್ಟೆ, ಚೀಲ, ಮುರಿದ ಕುರ್ಚಿ ಎತ್ತುತ್ತಾರೆ. ನಡುವಿನವರು ಬಾಟಲಿ, ಡಬ್ಬ, ತಗಡು. ಇವರೆಲ್ಲರ ಕೈತಪ್ಪಿ ಉಳಿದದ್ದು ಬಾಲಕ್ಕೆ ಬರುತ್ತದೆ. ಒಡೆದ ಗಾಜು, ಬ್ಲೇಡು, ಆಸ್ಪತ್ರೆಯ ಸೂಜಿ, ಸತ್ತ ಇಲಿ. ಉಳಿದವರು ಬಿಟ್ಟರೂ ನಡೆಯುತ್ತದೆ, ಬಾಲದವಳು ಬಿಡುವಂತಿಲ್ಲ. ಅವಳ ಆಚೆ ಉರುಳೆ. ಉರುಳೆಯ ಕೆಳಗೆ ಗುಂಡಿ.

ಅದಕ್ಕೇ ಅವಳ ತಲೆಯ ಮೇಲೆ ಹಗ್ಗ. ಎಳೆದರೆ ಮೇಲಿನ ಸಲಾಕೆ ಬಾಗಿ ಬೆಲ್ಟ್ ನಿಲ್ಲುತ್ತದೆ. ಎಳೆದು ಹಿಡಿದಿರುವವರೆಗೂ ನಿಂತೇ ಇರುತ್ತದೆ. ಅದನ್ನು ಮುಟ್ಟುವ ಹಕ್ಕು ಬಾಲದವಳಿಗೆ ಮಾತ್ರ. ತಲೆಯಲ್ಲಿ ನಿಂತವನ ಅಂಗಿ ಸಿಕ್ಕಿಕೊಂಡರೂ ಅವನು "ಬಾಲ, ಬಾಲ" ಎಂದು ಕೂಗಬೇಕು, ಅವಳು ಎಳೆಯಬೇಕು. ಯಾಕೆ ಎಳೆದೆ ಎಂದು ಅವಳನ್ನು ಯಾರೂ ಕೇಳುವಂತಿಲ್ಲ. ಬಿಡು ಎನ್ನುವಂತಿಲ್ಲ. ಈ ಕಟ್ಟಳೆ ಯಾರು ಮಾಡಿದರೋ ಗೊತ್ತಿಲ್ಲ. ನಾನು ಬರುವ ಮೊದಲೇ ಇತ್ತು. ಎಲ್ಲರಿಗಿಂತ ಹಿಂದೆ ಉಳಿದ ಕೈಗೆ ಎಷ್ಟು ಸಾಧ್ಯವೋ ಅಷ್ಟೇ ಎಲ್ಲರ ವೇಗ. ಅಷ್ಟು ವರ್ಷ ಆ ಕೈ ಚಿಕ್ಕಮ್ಮನದು. ಹಗ್ಗದ ತುದಿಗೆ ಸೈಕಲ್ ಟ್ಯೂಬು ಸುತ್ತಿ ಹಿಡಿಕೆ ಮಾಡಿಕೊಂಡಿದ್ದಳು. ಅವಳ ಅಂಗೈ ತಾಗಿ ತಾಗಿ ಆ ಟ್ಯೂಬು ಹೊಳೆಯುತ್ತಿತ್ತು.

ಇಂಥ ಶೆಡ್ಡಿಗೆ ಮೇಡಂ ಬಂದರು.

ಮಾಲೀಕರಿಗೆ ಹೊರಗಿನವರು ಯಾರೋ ಹೊಸ ಯಂತ್ರ ಕೊಡುವವರಿದ್ದರಂತೆ. ನಿಮ್ಮಲ್ಲಿ ಯುವಕರ ಪರಿಷತ್ತು ಇದೆಯಾ ಎಂದು ಕೇಳಿದರಂತೆ. ಇರಲಿಲ್ಲ. ಅದನ್ನು ಕಟ್ಟಿಕೊಡಲು ಮೇಡಂ ಬಂದರು. ಕೆಟ್ಟವರಲ್ಲ. ಎಲ್ಲರನ್ನೂ ನೋಡಿ ನಗುತ್ತಿದ್ದರು. ಮೂಗಿಗೆ ಬಟ್ಟೆ ಹಿಡಿಯುತ್ತಿರಲಿಲ್ಲ, ಬಾಯಿಂದ ಉಸಿರಾಡುತ್ತಿದ್ದರು ಅಷ್ಟೆ.

"ನಾಯಕತ್ವ ಅನ್ನೋದು ನಿಮ್ಮೊಳಗೇ ಇದೆ," ಎಂದರು. "ಹೊರಗೆ ತರಬೇಕು."

"ನಮ್ಮೊಳಗಿರೋದು ಕೆಮ್ಮು ಮೇಡಂ," ಎಂದ ರೇಡಿಯೊ. "ಅದು ದಿನಾ ತಾನಾಗೇ ಹೊರಗೆ ಬರ್ತಾ ಇದೆ."

ರೇಡಿಯೊ ನಡುಬೆಲ್ಟಿನವನು, ನನ್ನ ವಾರಿಗೆಯವನು. ಬೆಲ್ಟ್ ಓಡುವಾಗ ಅವನ ಬಾಯಿಯೂ ಓಡುತ್ತದೆ. ಅದಕ್ಕೇ ಆ ಹೆಸರು.

ಪರಿಷತ್ತಿಗೆ ಒಂಬತ್ತು ಮಂದಿ. ಆಫೀಸಿನಿಂದ ಐದು, ಬೆಲ್ಟಿನಿಂದ ನಾಲ್ಕು. ಆಫೀಸಿನಲ್ಲಿ ಆ ವಯಸ್ಸಿನವರು ಇದ್ದದ್ದೇ ಆರು ಜನ. ಬೆಲ್ಟಿನಲ್ಲಿ ನಾವು ಅರವತ್ತು. "ಹೊರಗೆ ಉಳಿದ ಆ ಆರನೆಯವನು ಪಾಪ ಏನು ತಪ್ಪು ಮಾಡಿದ್ದ," ಎಂದ ರೇಡಿಯೊ.

ಭಾಷಣ ಮಾಡಿ ಓಟು ಕೇಳಿ ಎಂದರು ಮೇಡಂ. ನಮಗೆ ಆ ರೂಢಿಯಿಲ್ಲ. ಬಾಲದವಳನ್ನು ಕೇಳಿದೆವು. ಚಿಕ್ಕಮ್ಮ ಗಾಜು ಆಯುತ್ತಲೇ ರೇಡಿಯೊ ಕಡೆ ಒಮ್ಮೆ, ತಲೆಬೆಲ್ಟಿನ ಇಬ್ಬರ ಕಡೆ ಒಮ್ಮೆ ಗದ್ದ ತೋರಿಸಿದಳು. ಕೊನೆಗೆ ನನ್ನ ಕಡೆ.

"ಇವಳೂ ಹೋಗ್ಲಿ. ಇವಳಿಗೆ ಕೂತಲ್ಲೆಲ್ಲ ಇರುವೆ ಕಚ್ಚುತ್ತೆ. ಅಲ್ಲಿ ಯಾರಾದ್ರೂ ತೂಕಡಿಸಿದ್ರೆ ಎಬ್ಬಿಸ್ತಾಳೆ."

ಅಂದಿನಿಂದ ನನ್ನ ಹೆಸರು ಇರುವೆ.

ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ದಿನವಿಡೀ ಬೆಲ್ಟಿನ ಮುಂದೆ ನಿಂತವರಿಗೆ ಅದು ನಿಂತ ಮೇಲೂ ನೆಲ ಸರಿಯುತ್ತಲೇ ಇರುತ್ತದೆ. ಮಲಗಿದರೆ ಹಾಸಿಗೆ ಸರಿಯುತ್ತದೆ. ಉಣ್ಣಲು ಕೂತರೆ ತಟ್ಟೆ ಸರಿಯುತ್ತದೆ, ಕೈ ಅದನ್ನು ಹಿಡಿಯಲು ಹೋಗುತ್ತದೆ. ಉಳಿದವರಿಗೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನನಗೆ ನಿಲ್ಲುವುದೇ ಇಲ್ಲ.

ಪರಿಷತ್ತಿನ ಕೋಣೆ ಆಫೀಸಿನ ಮಹಡಿಯಲ್ಲಿತ್ತು. ಮೆತ್ತೆಯ ಕುರ್ಚಿಗಳು. ಐದು ಕುರ್ಚಿ ಹಾಗೇ ಇದ್ದವು. ನಾಲ್ಕಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಯಾಕೆ ಎಂದು ನಾನು ಕೇಳಿದೆ.

"ಮೆತ್ತೆಗೆ ವಾಸನೆ ಹಿಡಿಯುತ್ತೆ, ಬೇಜಾರು ಮಾಡ್ಕೋಬೇಡಿ," ಎಂದ ಅಧ್ಯಕ್ಷ. ಅವನು ಮ್ಯಾನೇಜರ ಅಣ್ಣನ ಮಗ. ಅವನ ಅಂಗಿಯ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ನಾವು ಅವನಿಗೆ ಇಸ್ತ್ರಿ ಅನ್ನುತ್ತಿದ್ದೆವು.

ಆ ಹಾಳೆಯ ಮೇಲೆ ಕೂತರೆ ತೊಡೆ ಬೆವರಿ ಅಂಟುತ್ತಿತ್ತು. ಅಲುಗಾಡಿದರೆ ಚರ್ ಎನ್ನುತ್ತಿತ್ತು. ನಾನು ಅಲುಗಾಡದೆ ಇರಲಾರೆ. ಮೇಡಂ ಮಾತಾಡುವಾಗ ಚರ್, ಇಸ್ತ್ರಿ ಮಾತಾಡುವಾಗ ಚರ್. ಅವನು ಹುಬ್ಬು ಗಂಟಿಕ್ಕುತ್ತಿದ್ದ. ಫೋಟೋ ತೆಗೆಯುವಾಗ ಮಾತ್ರ ಹಾಳೆಗಳನ್ನು ಎತ್ತಿಬಿಡುತ್ತಿದ್ದರು. ಫೋಟೋ ಮುಗಿದ ಮೇಲೆ ಮತ್ತೆ ಹೊದಿಸುತ್ತಿದ್ದರು. ಹೊದಿಸುವ ಕೆಲಸ ನಮ್ಮದು.

ಹುದ್ದೆ ಹಂಚಿದರು. ಹಣಕಾಸು, ಪ್ರಚಾರ, ನೀತಿ ಅವರಿಗೆ. ನೀರು, ಕುರ್ಚಿ, ಸ್ವಚ್ಛತೆ ನಮಗೆ. ನನ್ನನ್ನು ಸುರಕ್ಷತಾ ಕಾರ್ಯದರ್ಶಿ ಮಾಡಿದರು. ಎದೆಗೆ ಒಂದು ಬಿಲ್ಲೆ ಚುಚ್ಚಿದರು. ಯಾವುದೇ ವಿಷಯಕ್ಕೆ ಕೈ ಎತ್ತಿದರೂ ಅವರು ಐದು, ನಾವು ನಾಲ್ಕು. ಕುಡಿಯುವ ನೀರಿನ ಕೊಳಾಯಿಯನ್ನು ಬೆಲ್ಟಿನ ಹತ್ತಿರ ತರಬೇಕು ಎಂದಾಗ ಐದು, ನಾಲ್ಕು. ಕೈಗವಸು ಹರಿದರೆ ಬೇರೆ ಕೊಡಬೇಕು ಎಂದಾಗ ಐದು, ನಾಲ್ಕು.

"ಎಣಿಸೋದ್ಯಾಕೆ ಸುಮ್ನೆ," ಎಂದ ರೇಡಿಯೊ. "ನಾವು ಇಲ್ಲಿಗೆ ಬರೋದೇ ಸೋಲೋಕೆ. ಬಿಸ್ಕತ್ತು ತಿನ್ನೋಣ."

ಒಮ್ಮೆ ಮಾತ್ರ ಒಂಬತ್ತು ಕೈಯೂ ಎದ್ದವು. ಅಂದು ಮೇಡಂ ಕೇಳಿದ್ದರು, ನೀವು ನಿಮ್ಮನಿಮ್ಮಲ್ಲಿ ಹೇಗೆ ತೀರ್ಮಾನ ಮಾಡ್ತೀರಿ ಅಂತ. ನಾನು ಬಾಲದ ವಿಷಯ ಹೇಳಿದೆ. ಹಗ್ಗದ ವಿಷಯ ಹೇಳಿದೆ. ಅವರ ಕಣ್ಣು ಒದ್ದೆಯಾಯಿತು.

"ಕಟ್ಟಕಡೆಯವರ ಕೈಯಲ್ಲಿ ಅಧಿಕಾರ. ಎಷ್ಟು ಚೆನ್ನಾಗಿದೆ," ಎಂದರು. ಇದು ನಮ್ಮ ಪರಿಷತ್ತಿನ ನಿಯಮವಾಗಬೇಕು ಎಂದರು. ಕೊನೆಯ ಕುರ್ಚಿಯಲ್ಲಿ ಕೂತವರು ಹಗ್ಗ ಎಳೆದರೆ ಸಭೆ ನಿಲ್ಲಬೇಕು. ಅವರ ಮಾತು ಕೇಳಿಯೇ ಮುಂದುವರಿಯಬೇಕು. ಎಲ್ಲರೂ ಒಪ್ಪಿದರು. ಕೊನೆಯ ಕುರ್ಚಿ ನನ್ನದೇ ಆಗಿತ್ತು.

ಮಾರನೆಯ ದಿನ ಬೆಲ್ಟ್ ಓಡಿಸುವ ಮೇಸ್ತ್ರಿ ಏಣಿ ಹಾಕಿ ಚಿಕ್ಕಮ್ಮನ ತಲೆಯ ಮೇಲಿನ ಹಗ್ಗ ಕತ್ತರಿಸಿದ.

"ಏನಣ್ಣ ಇದು," ಎಂದಳು ಚಿಕ್ಕಮ್ಮ.

"ಮೇಡಂ ಕೇಳಿದಾರೆ. ಮೇಲೆ ರೂಮಲ್ಲಿ ನೇತುಹಾಕ್ತಾರಂತೆ."

"ಅಂಗಡೀಲಿ ಬೇರೆ ಸಿಗಲ್ವಾ?"

"ಅಸಲಿದೇ ಬೇಕಂತೆ."

"ಮತ್ತೆ ಬೆಲ್ಟ್ ನಿಲ್ಲಿಸೋಕೆ?"

"ನನ್ನ ರೂಮಲ್ಲಿ ಸ್ವಿಚ್ಚು ಇದೆಯಲ್ಲ. ಕೂಗು, ಒತ್ತುತೀನಿ."

ಮೇಸ್ತ್ರಿಯ ರೂಮು ಗಾಜಿನ ಗೂಡು. ಬೆಲ್ಟಿನ ಸದ್ದು ಒಳಗೆ ಹೋಗಬಾರದೆಂದೇ ಕಟ್ಟಿಸಿದ್ದು. ಹಗ್ಗವೆಂದರೆ ಅವನಿಗೆ ಮೊದಲಿಂದಲೂ ಕಣ್ಣಿಗೆ ಬಿದ್ದ ಕಸ. ಅದು ಇದ್ದಷ್ಟು ದಿನ ಬೆಲ್ಟ್ ಅವನ ಮಾತು ಕೇಳಿರಲಿಲ್ಲ. ಅಂದು ಸಂಜೆಯಿಂದಲೇ ವೇಗ ಏರಿತು.

ಮೇಲೆ ಹೋಗಿ ನೋಡಿದೆ. ಗೋಡೆಗೊಂದು ಕೊಕ್ಕೆ. ಕೊಕ್ಕೆಗೆ ಹಗ್ಗ, ಅದರ ಮೇಲೆ ಕೆಂಪು ರಿಬ್ಬನ್ನು. ತುದಿಯಲ್ಲಿ ಚಿಕ್ಕಮ್ಮ ಸುತ್ತಿದ ಟ್ಯೂಬು. ಪಕ್ಕದ ಹಲಗೆಯ ಮೇಲೆ 'ಕಟ್ಟಕಡೆಯವರ ದನಿ' ಎಂದು ಬರೆದಿತ್ತು.

ಸಭೆಯಲ್ಲಿ ಎದ್ದು ಹೇಳಿದೆ, ಹಗ್ಗ ವಾಪಸ್ ಬೇಕು ಅಂತ. ಅಜೆಂಡಾದಲ್ಲಿಲ್ಲ ಎಂದ ಇಸ್ತ್ರಿ. ಇತರೆ ವಿಷಯಗಳಲ್ಲಿ ತನ್ನಿ ಎಂದ. ಇತರೆ ವಿಷಯಗಳು ಬರುವ ಹೊತ್ತಿಗೆ ಟೀ ಬಂತು. ಟೀ ಮುಗಿಯುವ ಹೊತ್ತಿಗೆ ಸಮಯ ಮುಗಿಯಿತು. ಕೈ ಎತ್ತಿಸಿ ಎಂದೆ. ಎತ್ತಿಸಿದ. ಐದು, ನಾಲ್ಕು.

ಮುಂದಿನ ವಾರ ಬಟ್ಟೆಯ ಗಂಟಿನೊಳಗೆ ಕಬ್ಬಿಣದ ತಂತಿ ಬಂತು. ವೇಗದಲ್ಲಿ ತಲೆಯವರಿಗೆ ಕಾಣಲಿಲ್ಲ, ನಡುವಿನವರಿಗೂ ಕಾಣಲಿಲ್ಲ. ಬಾಲಕ್ಕೆ ಬಂದಾಗ ಅದು ಚಿಕ್ಕಮ್ಮನ ಬಲಗೈಗೆ ಸುತ್ತಿಕೊಂಡು ಉರುಳೆಯ ಕಡೆ ಎಳೆಯಿತು. ಅವಳ ಪಕ್ಕದಲ್ಲಿ ನಾನಿದ್ದೆ. ಅವಳ ಎಡಗೈ ಮೇಲೆ ಹೋಯಿತು. ವರ್ಷಗಟ್ಟಲೆ ಹೋದ ಹಾಗೇ ಹೋಯಿತು, ನೋಡದೆ. ಮುಷ್ಟಿ ಕಟ್ಟಿತು. ಮುಷ್ಟಿಯೊಳಗೆ ಏನೂ ಇರಲಿಲ್ಲ.

ನಾನು ಗಾಜಿನ ಗೂಡಿಗೆ ಓಡಿದೆ. ಮೇಸ್ತ್ರಿ ಫೋನಿನಲ್ಲಿದ್ದ. ನಮ್ಮ ಕಡೆ ಅವನ ಬೆನ್ನಿತ್ತು. ಗಾಜನ್ನು ಎರಡೂ ಕೈಯಿಂದ ಬಡಿದೆ. ತಿರುಗಿ ನೋಡಿ, ತಾಳು ಎಂದು ಬೆರಳು ತೋರಿಸಿದ. ಅವನಿಗೆ ಬೆರಳಿದ್ದವು.

ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಮ್ಮ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ ಕೈ ಅದು, ಸುಮ್ಮನಿದ್ದದ್ದು ನಾನು ಕಂಡಿಲ್ಲ. ಚಾಪೆಯ ಮೇಲೆ ಹಳೆಯ ಬಟ್ಟೆ, ಕಾಗದ, ಚೀಲ ಎಲ್ಲ ಕಲಸಿ ಹರಡಿಕೊಂಡು ಎಡಗೈಯಲ್ಲಿ ಆರಿಸುವುದನ್ನು ಕಲಿಯುತ್ತಿದ್ದಳು. ಬಲಗೈಯ ಕಟ್ಟನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ತಲೇಲಿ ನಿಲ್ತೀನಿ ಅಂತ ಹೇಳು ಅವರಿಗೆ. ಬಟ್ಟೆ ಆರಿಸೋಕೆ ಒಂದು ಕೈ ಸಾಕು."

"ಹೇಳ್ತೀನಿ."

"ಅಜಾಗರೂಕತೆ ಅಂತಿದಾರಂತೆ?"

ಯಾರು ಹೇಳಿದರೋ. ನಾನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ಕೂತೆ. ಅಜಾಗರೂಕತೆ ಎಂದು ಒಮ್ಮೆ ತೀರ್ಮಾನವಾದರೆ ಶೆಡ್ಡಿನ ಗೇಟು ಅವಳಿಗೆ ಮತ್ತೆ ತೆರೆಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಬೆರಳು ಹೋದ್ರೆ ಹೋಗ್ಲಿ ಕಣೇ," ಎಂದಳು. "ಕಣ್ಣು ಮುಚ್ಕೊಂಡು ನಿಂತಿದ್ದೆ ಅನ್ನಿಸ್ಕೊಳ್ಳಲ್ಲ ನಾನು. ಅಷ್ಟು ವರ್ಷದಲ್ಲಿ ಒಂದು ಸೂಜಿ ನನ್ನ ದಾಟಿ ಹೋಗಿಲ್ಲ."

ಅವಳ ಜಾಗಕ್ಕೆ ಹೊಸ ಹುಡುಗಿಯೊಬ್ಬಳನ್ನು ತಂದು ನಿಲ್ಲಿಸಿದ್ದರು. ತೆಳ್ಳಗೆ, ಕಡ್ಡಿಯಂತೆ ಇದ್ದಳು. ಏನು ಹೇಳಿದರೂ "ಹೂಂ" ಎನ್ನುತ್ತಿದ್ದಳು. ಗಾಜು ಈ ಬುಟ್ಟಿಗೆ, ಹೂಂ. ಸೂಜಿಯನ್ನ ಬರಿಗೈಯಲ್ಲಿ ಹಿಡೀಬೇಡ, ಹೂಂ. ಮೇಸ್ತ್ರಿ ಬೈದರೂ ಹೂಂ. ರೇಡಿಯೊ ಅವಳಿಗೆ ಹೂಂ ಎಂದೇ ಹೆಸರಿಟ್ಟ. ಅಂಗೈಯೆಲ್ಲ ಕುಯ್ದುಕೊಂಡಿದ್ದಳು. ಕಸ ಅವಳ ಮುಂದೆ ಗುಡ್ಡೆಯಾಗುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಬಾಯಿ ಬಿಟ್ಟಳು.

"ಅಕ್ಕ, ಆ ಅಮ್ಮನ ಬೆರಳು ಎಲ್ಲಿ ಹೋದ್ವು?"

ರೇಡಿಯೊ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಇಟ್ಟ. ಅವಳು ಉರುಳೆಯ ಕಡೆ ನೋಡಿದಳು. ಆಮೇಲೆ ಮೇಲೆ, ಸಲಾಕೆಗೆ ಉಳಿದಿದ್ದ ಗೇಣುದ್ದದ ಹಗ್ಗದ ತುಂಡಿನ ಕಡೆ.

"ಅದೇನದು?"

ಹೇಳಿದೆ. ಯಾರು ಎಳೆಯಬಹುದು, ಯಾವಾಗ ಬಿಡಬಹುದು, ಯಾರು ಕೇಳುವಂತಿಲ್ಲ, ಎಲ್ಲ ಹೇಳಿದೆ. ಚಿಕ್ಕಮ್ಮ ತಲೆಯಲ್ಲಿ ನಿಂತು ಬಟ್ಟೆ ಆರಿಸುತ್ತೀನಿ ಎಂದದ್ದನ್ನೂ ಹೇಳಿದೆ.

"ಹೂಂ," ಎಂದಳು.

ಯಂತ್ರ ಕೊಡುವವರು ಬರುವ ದಿನ ಗೊತ್ತಾಯಿತು. ಇಸ್ತ್ರಿ ನನ್ನನ್ನು ಮೇಲೆ ಕರೆಸಿದ. ಮೇಡಂ ಇದ್ದರು. ಅಂದು ನನ್ನ ಕುರ್ಚಿಗೆ ಹಾಳೆ ಇರಲಿಲ್ಲ. ಆಗಲೇ ನನಗೆ ಅನುಮಾನ ಬಂತು.

"ಒಂದೇ ವಾಕ್ಯ," ಎಂದ. "ಅಪಘಾತ ಕಾರ್ಮಿಕರ ಅಜಾಗರೂಕತೆಯಿಂದ ಆದದ್ದು, ಪರಿಷತ್ತು ಜಾಗೃತಿ ಶಿಬಿರ ನಡೆಸಲಿದೆ. ಬಾಯಿಪಾಠ ಮಾಡ್ಕೊಳ್ಳಿ."

"ನೀವೇ ಹೇಳಿ. ಅಧ್ಯಕ್ಷರಲ್ವಾ."

"ಸುರಕ್ಷತೆ ನಿಮ್ಮ ಖಾತೆ. ಬೆಲ್ಟಿನವರ ಬಾಯಿಂದ ಬಂದ್ರೆ ತೂಕ ಜಾಸ್ತಿ."

"ಹಗ್ಗ ಇದ್ದಿದ್ರೆ ಬೆಲ್ಟ್ ನಿಲ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ?"

ಮೇಡಂ ನನ್ನ ಭುಜ ಮುಟ್ಟಿದರು. "ಹಳೇ ಹಗ್ಗ ತೆಗೆದು ಹೊಸದು ಹಾಕ್ತೀವಿ ಅಂತ ನನಗೆ ಹೇಳಿದ್ರು. ನನಗೂ ಸಂಕಟ ಆಗುತ್ತೆ. ಆದರೆ ನಾಯಕರಾದವರು ದೊಡ್ಡದನ್ನ ನೋಡ್ಬೇಕು. ಯಂತ್ರ ಬಂದ್ರೆ ಎಲ್ಲರಿಗೂ ಒಳ್ಳೇದು. ನಿಮ್ಮನ್ನ ಲೀಡರ್ ಮಾಡೋ ಯೋಚನೆನೂ ಇದೆ, ಬೆಲ್ಟ್ ಬಿಟ್ಟು ಮೇಲೆ ಆಫೀಸಿಗೆ ಬರಬಹುದು."

"ಚಿಕ್ಕಮ್ಮ?"

ಅವರು ಕಿಟಕಿಯ ಕಡೆ ನೋಡಿದರು. ಅವರಿಗೂ ಅಂದು ಕೂರಲು ಆಗುತ್ತಿರಲಿಲ್ಲ. ಆದರೆ ಅವರ ಕುರ್ಚಿ ಸದ್ದು ಮಾಡಲಿಲ್ಲ.

ಬಂದವರು ನಾಲ್ಕೈದು ಮಂದಿ. ಕೋಣೆ ತುಂಬಿತು. ಮಾಲೀಕರು, ಮ್ಯಾನೇಜರು ಗೋಡೆಗೆ ಒರಗಿ ನಿಂತರು. ಇಸ್ತ್ರಿ ಸ್ವಾಗತ ಹೇಳಿದ. ಪ್ರಚಾರದವನು ಪರಿಷತ್ತಿನ ಸಾಧನೆ ಹೇಳಿದ. ಸಾಧನೆಯಲ್ಲಿ ನಮ್ಮ ಕೊಳಾಯಿಯೂ ಇತ್ತು. ರೇಡಿಯೊ ನನ್ನ ಕಡೆ ವಾಲಿದ. "ಯಾವಾಗ ಬಂತೋ. ನಾನು ಇನ್ನೂ ಅಷ್ಟು ದೂರ ಹೋಗಿ ಕುಡೀತಿದೀನಿ."

ನನ್ನ ಸರದಿ ಬಂತು. ಎದ್ದು ನಿಂತೆ. ಕಾಲ ಕೆಳಗೆ ನೆಲ ಸರಿಯತೊಡಗಿತು. ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಉಗುಳಿದರೆ ಮುಗಿಯಿತು. ಕೊನೆಯ ಕುರ್ಚಿ ನನ್ನದು. ಹಗ್ಗ ಕೈಗೆಟುಕುವಷ್ಟು ಹತ್ತಿರ. ನಿಯಮ ಇತ್ತು. ಒಂಬತ್ತು ಕೈ ಎತ್ತಿ ಮಾಡಿದ ನಿಯಮ.

ಹಗ್ಗ ಎಳೆದೆ.

ಬಂದವರು ನೋಡಿದರು. ಮೇಡಂ ಗಾಬರಿಯಾಗಿ, ಅವಸರದಲ್ಲಿ ಅವರಿಗೆ ಹೇಳಿದರು, ಇದು ನಮ್ಮ ಪರಿಷತ್ತಿನ ಸಂಪ್ರದಾಯ, ಕಟ್ಟಕಡೆಯವರು ಎಳೆದಾಗ ಎಲ್ಲರೂ ನಿಂತು ಕೇಳುತ್ತೇವೆ ಅಂತ. ಅವರು ಚಪ್ಪಾಳೆ ತಟ್ಟಿದರು. ಒಬ್ಬರು ಫೋಟೋ ತೆಗೆದರು. ಇನ್ನೊಮ್ಮೆ ಎಳೆಯಿರಿ, ಸ್ವಲ್ಪ ಈ ಕಡೆ ತಿರುಗಿ, ಎಂದರು.

ನನ್ನ ಕೈಯಲ್ಲಿದ್ದದ್ದು ಚಿಕ್ಕಮ್ಮನ ಟ್ಯೂಬು. ಅವಳ ಬೆರಳಿನ ಅಚ್ಚು ಅದರಲ್ಲಿ ಹಾಗೇ ಇತ್ತು, ನನ್ನ ಬೆರಳು ಆ ತಗ್ಗುಗಳಲ್ಲಿ ಕೂತವು. ಇನ್ನೊಮ್ಮೆ ಎಳೆದೆ. ಎರಡೂ ಕೈಯಲ್ಲಿ, ಮೈಭಾರ ಬಿಟ್ಟು ಎಳೆದೆ. ಕೊಕ್ಕೆ ಗೋಡೆಯಿಂದ ಕಿತ್ತು ಬಂತು. ಗಾರೆ ಉದುರಿ ಮ್ಯಾನೇಜರ ಕೋಟಿನ ಮೇಲೆ ಬಿತ್ತು. ಹಲಗೆಯೂ ಬಿತ್ತು.

"ಸಭೆ ನಿಲ್ಲಲಿಲ್ಲ," ಎಂದೆ. "ಇದು ಇಲ್ಲಿ ಕೆಲಸ ಮಾಡಲ್ಲ. ಎಲ್ಲಿ ಮಾಡುತ್ತೋ ಅಲ್ಲಿಗೆ ತಗೊಂಡು ಹೋಗ್ತೀನಿ."

ಮೆಟ್ಟಿಲು ಇಳಿದೆ. ಹಿಂದೆ ರೇಡಿಯೊ, ಅವನ ಹಿಂದೆ ತಲೆಬೆಲ್ಟಿನ ಇಬ್ಬರು. ಬಿಲ್ಲೆ ಎಲ್ಲಿ ಬಿತ್ತೋ ನೆನಪಿಲ್ಲ. ಶೆಡ್ಡಿನಲ್ಲಿ ಬೆಲ್ಟ್ ಓಡುತ್ತಿತ್ತು. ಅತಿಥಿಗಳಿಗೆ ತೋರಿಸಲೆಂದು ಇನ್ನೂ ಜೋರಾಗಿ ಬಿಟ್ಟಿದ್ದರು. ಬಾಲದಲ್ಲಿ ಹೂಂ ಒಬ್ಬಳೇ, ಸೊಂಟದವರೆಗೆ ಕಸ. ರೇಡಿಯೊ ಬಗ್ಗಿ ಹೆಗಲು ಕೊಟ್ಟ.

"ಹತ್ತು. ಅಧ್ಯಕ್ಷರಿಗಿಂತ ಎತ್ತರ ಆಗ್ತೀಯ."

ಹತ್ತಿದೆ. ಸಲಾಕೆಗೆ ಉಳಿದಿದ್ದ ಗೇಣುದ್ದದ ತುಂಡಿಗೆ ಹಗ್ಗ ಗಂಟು ಹಾಕಿದೆ. ಹಲ್ಲಿನಿಂದ ಬಿಗಿದೆ. ರಿಬ್ಬನ್ನು ಬಿಚ್ಚುವಷ್ಟು ಹೊತ್ತಿರಲಿಲ್ಲ. ಕೆಳಗಿಳಿದೆ. ಕೈ ಅದನ್ನು ಎಳೆಯಲು ತವಕಿಸುತ್ತಿತ್ತು. ಎಳೆಯಲಿಲ್ಲ. ನಾನು ಬಾಲವಲ್ಲ. ಹಿಡಿಕೆಯನ್ನು ಹೂಂ ಕಡೆ ಸರಿಸಿ ನನ್ನ ಜಾಗಕ್ಕೆ ಹೋಗಿ ನಿಂತೆ.

ಅವಳು ಹಗ್ಗ ನೋಡಿದಳು. ಗಾಜಿನ ಗೂಡಿನಿಂದ ಓಡಿ ಬರುತ್ತಿದ್ದ ಮೇಸ್ತ್ರಿಯನ್ನು ನೋಡಿದಳು. ಆಮೇಲೆ ಎಳೆದಳು.

ಬೆಲ್ಟ್ ನಿಂತಿತು. ಇಡೀ ಶೆಡ್ಡಿಗೆ ಕಿವಿ ಬಂದಂತಾಯಿತು. ಅರವತ್ತು ಜನ ಕೈ ಇಳಿಬಿಟ್ಟು ನಿಂತರು. ಬಾಗಿಲಲ್ಲಿ ಮಾಲೀಕರು, ಬಂದವರು, ಮೇಡಂ. ಮ್ಯಾನೇಜರು ಗಾರೆ ಕೊಡವಿಕೊಳ್ಳುತ್ತಾ ನನ್ನ ಹತ್ತಿರ ಬಂದರು. ದನಿ ತಗ್ಗಿಸಿದರು.

"ನೋಡಮ್ಮ, ನೀನು ಹೇಳಿದ್ರೆ ಕೇಳ್ತಾಳೆ. ನೀನು ನಾಯಕಿ ಅಲ್ವಾ. ಬಿಡೋಕೆ ಹೇಳು."

"ನನಗೆ ಆ ಹಕ್ಕಿಲ್ಲ," ಎಂದೆ. "ಬಾಲಕ್ಕೆ ಯಾರೂ ಬಿಡು ಅನ್ನೋ ಹಾಗಿಲ್ಲ. ನಿಮ್ಮ ಪರಿಷತ್ತು ಒಪ್ಪಿರೋ ನಿಯಮ ಅದು. ಏನಾಗ್ಬೇಕು ಅಂತ ಅವಳನ್ನ ಕೇಳಿ."

ಮೇಸ್ತ್ರಿ ಕೇಳುವವನಲ್ಲ. ಅವಳ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಕೆಲಸ ಬೇಕೋ ಬೇಡ್ವೋ?"

"ಹೂಂ."

"ಮತ್ತೆ ಹಗ್ಗ ಬಿಡು."

ಅವಳ ಅಂಗೈಯ ಕುಯ್ತದಿಂದ ಒಂದು ಗೆರೆ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅವಳು ತಲೆಬೆಲ್ಟಿನಲ್ಲಿ ಬಟ್ಟೆ ಆರಿಸುವವರ ನಡುವೆ ಖಾಲಿ ಉಳಿದಿದ್ದ ಒಂದಾಳು ಜಾಗವನ್ನು ನೋಡಿದಳು.

"ಅಲ್ಲಿಗೆ ಆ ಅಮ್ಮನ್ನ ಕರ್ಕೊಂಡು ಬನ್ನಿ," ಎಂದಳು.

"ಮೊದಲು ಬಿಡು ಅಂದೆ."

ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಊಹೂಂ."